ಡಿಸ್ಕೋ ದುಂಡಪ್ಪ ಮತ್ತು ನನ್ನ ಒಂದು ಕಿವಿ

ನಾನು ಬರೆದದ್ದನ್ನು ಯಾರೋ ಲ್ಯಾಮಿನೇಶನ್ ಮಾಡಿಸಿ ಗೋಡೆಗೆ ಹಾಕಿದ್ದು ಜೀವನದಲ್ಲಿ ಇದೇ ಮೊದಲು. ಅದೂ ಯಾರು? ಆ ಬರಹದಲ್ಲಿ ನಾನು ಯಾರನ್ನು ಹಿಗ್ಗಾಮುಗ್ಗಾ ಬೈದಿದ್ದೆನೋ ಅವರೇ.

ಹೋದ ಭಾನುವಾರ ಅಕ್ಕಲಕೋಟೆಯಲ್ಲಿ ಆ ಗೋಡೆಯ ಮುಂದೆ ನಿಂತಾಗ ನನ್ನ ಕಾಲು ಎಷ್ಟು ನಡುಗಿತೆಂದರೆ, ಜೇಬಿನಲ್ಲಿದ್ದ ಮೊಬೈಲು ಮಾಲೀಕ ವಾಕಿಂಗ್ ಹೊರಟಿದ್ದಾನೆಂದು ತಿಳಿದು ನಾನೂರು ಹೆಜ್ಜೆ ಎಣಿಸಿಬಿಟ್ಟಿತು.

ಮೊದಲಿನಿಂದ ಹೇಳುತ್ತೇನೆ. ಮರ್ಯಾದೆ ಹೇಗೂ ಹೋಗುತ್ತಿದೆ, ಸಾಲಾಗಿಯಾದರೂ ಹೋಗಲಿ.

ಡಿಸ್ಕೋ ದುಂಡಪ್ಪ ಗೊತ್ತಲ್ಲ? (ಗೊತ್ತಿಲ್ಲದಿದ್ದರೆ ಮನೆಯಲ್ಲಿ ದೊಡ್ಡವರನ್ನು ಕೇಳಿ. ಅವರು ನಾಚಿಕೊಂಡರೆ ಗೊತ್ತು ಅಂತ ಅರ್ಥ.) ಕ್ಯಾಸೆಟ್ ಕಾಲದಲ್ಲಿ ನಮ್ಮ ಸೊಲ್ಲಾಪುರ ಸೀಮೆಯ ಪಾಪ್ ಸ್ಟಾರ್. ಊರು ಕರಜಗಿ. ಹಾಡು ಬರೆಯುವವರೂ ಅವರೇ, ರಾಗ ಕಟ್ಟುವವರೂ ಅವರೇ, ಬಿಳಿ ಬೂಟು ಹಾಕಿಕೊಂಡು ಕೀಬೋರ್ಡಿನ ಹಿಂದೆ ಕುಣಿಯುವವರೂ ಅವರೇ. ಅವರ ಹಾಡು ಹಾಕದೆ ದುಧನಿಯಲ್ಲಿ ಒಂದು ಟ್ರ್ಯಾಕ್ಟರೂ ಸ್ಟಾರ್ಟ್ ಆಗುತ್ತಿರಲಿಲ್ಲ ಎಂದು ನಮ್ಮಪ್ಪ ಹೇಳುತ್ತಾರೆ. ಆಮೇಲೆ ಕ್ಯಾಸೆಟ್ಟು ಹೋಯಿತು, ದುಂಡಪ್ಪನವರೂ ಹೋದರು. (ಸತ್ತರು ಅಂತಲ್ಲ. ಅಕ್ಕಲಕೋಟೆಯಲ್ಲಿ ಸೌಂಡ್ ಸರ್ವಿಸ್ ಅಂಗಡಿ ಹಾಕಿದರು. ಲಗ್ನಕ್ಕೆ, ತೊಟ್ಟಿಲಿಗೆ ಸ್ಪೀಕರು, ಮೈಕು ಬಾಡಿಗೆ.)

ಇಪ್ಪತ್ತು ವರ್ಷ ಸುಮ್ಮನಿದ್ದು, ಹೋದ ವರ್ಷ ಯೂಟ್ಯೂಬಿನಲ್ಲಿ ಕಮ್‌ಬ್ಯಾಕ್ ಆಲ್ಬಮ್ ಬಿಟ್ಟರು. ಹೆಸರು 'ಕೇಳಾಕತ್ತಿ ಏನ?'

ನಾನು ಕೇಳಿದೆ. ಎಲ್ಲಿ ಕೇಳಿದೆ ಅನ್ನುವುದೇ ಈ ಕಥೆಯ ಅಪರಾಧ ಸ್ಥಳ.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಎಸ್‌ಟಿ ಬಸ್ಸು. ಪಕ್ಕದಲ್ಲಿ ಹೆಂಡತಿ ಸುಜಾತಾ. ಮದುವೆಯಾಗಿ ಎರಡೇ ತಿಂಗಳು. ಇಬ್ಬರಿಗೂ ಸೇರಿ ಒಂದೇ ಇಯರ್‌ಫೋನು, ವೈರಿನದು. ಎಡಗಡೆಯ ಗುಂಡಿ ನನ್ನ ಕಿವಿಗೆ, ಬಲಗಡೆಯದು ಅವಳ ಕಿವಿಗೆ. ನಡುವೆ ವೈರು, ಅಂದರೆ ಪ್ರೇಮದ ಸೇತುವೆ. ಎರಡು ತಿಂಗಳ ಗಂಡ ಇಂಥ ಮೂರ್ಖತನ ಮಾಡಿಯೇ ಮಾಡುತ್ತಾನೆ.

ನನ್ನ ಕಿವಿಯಲ್ಲಿ ದುಂಡಪ್ಪನವರು ಹಾಡಿದರು: "ಚಹಾಕ್ಕ ಸಕ್ಕರಿ ಯಾಕ ಕಡಿಮಿ ಆತು?" ಆಮೇಲೆ ಹತ್ತು ಸೆಕೆಂಡು ಬರೀ ಡ್ರಮ್ಮು. ಆಮೇಲೆ ತಾವೇ ನಕ್ಕರು. ಎರಡನೇ ಹಾಡೂ ಹಾಗೇ. ಪ್ರಶ್ನೆ, ಡ್ರಮ್ಮು, ನಗು. ಪ್ರಶ್ನೆ, ಡ್ರಮ್ಮು, ನಿಟ್ಟುಸಿರು. ನಡುನಡುವೆ "ಕೇಳಾಕತ್ತಿ ಏನ?" ಮೂರನೇ ಸಲ ಕೇಳಿದಾಗ ನನಗೇ ಪಾಪ ಅನಿಸಿ ಜೋರಾಗಿ "ಹೂಂ" ಅಂದೆ. ಕಂಡಕ್ಟರ್ ತಿರುಗಿ ನೋಡಿದ.

ಆಗ ಸುಜಾತಾ ಗುಂಡಿ ಕಿತ್ತು ಕೇಳಿದಳು: "ಹೀ ಬಾಯಿ ಕೋಣ್?"

ಯಾರೀ ಹೆಂಗಸು? ಹೊಸ ಹೆಂಡತಿ ಬಸ್ಸಿನಲ್ಲಿ ಮರಾಠಿಯಲ್ಲಿ ಈ ಪ್ರಶ್ನೆ ಕೇಳಿದರೆ ನೀವು ಏನು ಹೇಳುತ್ತೀರಿ? ಯಾವ ಹೆಂಗಸೂ ಇಲ್ಲ ಅಂದೆ. ಇದ್ದಾಳೆ, ಯಾರೂ ಕೇಳದಿದ್ದರೂ ಉತ್ತರ ಕೊಡುತ್ತಿದ್ದಾಳೆ ಅಂದಳು. ನಮ್ಮವ್ವನ ಆಣೆ, ಯಾರೂ ಇಲ್ಲ ಅಂದೆ. ಸುಜಾತಾ ವಳಸಂಗ ದಾಟುವವರೆಗೂ ಕಿಟಕಿಯ ಹೊರಗೆ ನೋಡಿದಳು. ನಾನು ಆ ವಿಷಯ ಅಲ್ಲಿಗೇ ಮುಚ್ಚಿದೆ.

ಆಮೇಲೆ ಇದೇ ಅಂಕಣದಲ್ಲಿ ರಿವ್ಯೂ ಬರೆದೆ. ಅದೇನು ಬರೆದೆ ಅಂತೀರಿ! ಗಂಟಲಿನಲ್ಲಿ ಬಸ್ಸಿನ ಬ್ರೇಕು ಸಿಕ್ಕಿಕೊಂಡಿದೆ ಅಂದೆ. ಈ ವಯಸ್ಸಿನಲ್ಲಿ ಒಬ್ಬರೇ ಮಾತಾಡಿ ಒಬ್ಬರೇ ನಗುವವರನ್ನು ಮನೆಯವರು ಡಾಕ್ಟರ್ ಹತ್ತಿರ ಕರೆದೊಯ್ಯಬೇಕು ಅಂದೆ. ಕೊನೆಯ ಹಾಡಿನಲ್ಲಿ ಅರ್ಧ ನಿಮಿಷ ಸದ್ದೇ ಇಲ್ಲ, ರೆಕಾರ್ಡಿಂಗ್ ಮಾಡುವವನು ಚಹಾ ಕುಡಿಯಲು ಹೋಗಿರಬೇಕು ಅಂದೆ. ಯೂಟ್ಯೂಬಿನ ಚಿತ್ರದ ಕೆಳಗೆ 'ದಯಮಾಡಿ ಎರಡೂ ಕಿವಿ ಹಚ್ಚಿ ಕೇಳ್ರಿ' ಎಂದಿತ್ತು. ಅದನ್ನೂ ಬಿಡಲಿಲ್ಲ. ನಮಗೇನು ನಾಲ್ಕು ಕಿವಿ ಇವೆಯೇ ಎಂದು ಕೇಳಿದೆ. ಮುಕ್ತಾಯದ ಸಾಲು ನನಗೆ ಬಹಳ ಹಿಡಿಸಿತ್ತು: 'ದುಂಡಪ್ಪನವರೇ, ಸ್ಪೀಕರ್ ಬಾಡಿಗೆಗೆ ಕೊಡಿ ಸಾಕು, ಅದರೊಳಗೆ ನೀವು ಬರಬೇಡಿ.'

(ನನ್ನ ಹೊಟ್ಟೆಪಾಡೇನು ಗೊತ್ತೆ? ಸೊಲ್ಲಾಪುರದ ಮೊಬೈಲ್ ಅಂಗಡಿಯಲ್ಲಿ ಇಯರ್‌ಫೋನ್ ಮಾರುತ್ತೇನೆ. ಎಲ್ ಅಂದರೆ ಎಡ, ಆರ್ ಅಂದರೆ ಬಲ ಎಂದು ದಿನಕ್ಕೆ ಇಪ್ಪತ್ತು ಜನಕ್ಕೆ ಹೇಳಿಕೊಡುತ್ತೇನೆ.)

ಈಗ ಹೋದ ಭಾನುವಾರಕ್ಕೆ ಬರೋಣ. ಸುಜಾತಾಳ ತವರು ಅಕ್ಕಲಕೋಟೆ. ಅವಳ ಅಣ್ಣನ ಮಗುವಿಗೆ ತೊಟ್ಟಿಲ ಕಾರ್ಯಕ್ರಮ. ಒಂದು ಮೈಕು, ಎರಡು ಸ್ಪೀಕರು ಹೇಳಿ ಬರುವ ಕೆಲಸ ನಮಗೆ ಬಿತ್ತು. ಅವಳು ಕರೆದುಕೊಂಡು ಹೋದ ಅಂಗಡಿಯ ಬೋರ್ಡು ಓದಿ ನಾನು ತಲೆನೋವು ಅಂದೆ. ಹೊಟ್ಟೆನೋವೂ ಇದೆ ಅಂದೆ. ಅವಳು ಕೈ ಹಿಡಿದು ಒಳಗೆ ಎಳೆದಳು.

ಬರೀ ಎಳೆದಿದ್ದರೆ ಬಚಾವಾಗುತ್ತಿದ್ದೆ. ಪರಿಚಯವನ್ನೂ ಮಾಡಿಸಿದಳು. ಇವರೇ ನಮ್ಮೆಜಮಾನರು, ಪೇಪರಿನಲ್ಲಿ ನಿಮ್ಮ ಬಗ್ಗೆ ಬರೆದವರು! (ಸುಜಾತಾಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ನಾನು ದೊಡ್ಡ ಲೇಖಕ ಎಂದು ನಂಬಿದ್ದಾಳೆ. ನಮ್ಮ ಸಂಸಾರ ನಿಂತಿರುವುದೇ ಅದರ ಮೇಲೆ.)

ದುಂಡಪ್ಪ ಕಾಕಾ ಕುರ್ಚಿಯಿಂದ ಎದ್ದು ಬಂದರು. ಬಿಳಿ ಬೂಟು ಈಗಿಲ್ಲ, ಬಿಳಿ ಮೀಸೆ ಇದೆ. ಹೊಡೆಯುತ್ತಾರೆ ಅಂದುಕೊಂಡು ಕಣ್ಣು ಮುಚ್ಚಿದೆ. ಅಪ್ಪಿಕೊಂಡರು.

"ಏನ್ರೀ ಜಾವಾಯಿಬಾಪು, ಒಂದು ವರ್ಷ ಆತು ನಿಮ್ಮ ಹಾದಿ ನೋಡಾಕತ್ತು. ಅಲ್ಲಿ ನೋಡ್ರಿ."

(ಅಲ್ಲಿ ಅಳಿಯನೆಂದರೆ ಜಾವಾಯಿಬಾಪು. ಅರ್ಧ ದೇವರು. ಉಳಿದರ್ಧ ನಾನು.)

ನೋಡಿದೆ. ಗೋಡೆಯ ಮೇಲೆ, ಛಾವಣಿಗೆ ಒಂದು ಗೇಣು ಕೆಳಗೆ, ನನ್ನ ರಿವ್ಯೂ. ದುಂಡಪ್ಪನವರ ದೊಡ್ಡ ಫೋಟೋ, ಸುತ್ತ ನನ್ನ ಬೈಗುಳ, ಮೇಲೆ ಹೊಳೆಯುವ ಪ್ಲಾಸ್ಟಿಕ್ಕು. ತಲೆಬರಹ ಮಾತ್ರ ಇರಲಿಲ್ಲ. ಹಾಳೆಯಲ್ಲಿ ಹಿಡಿಯಲಿಲ್ಲ, ಕತ್ತರಿಸಿದೆ ಎಂದು ಒಳಗಿನ ಪರದೆಯ ಹಿಂದಿನಿಂದ ಒಂದು ದನಿ ಬಂತು. ಅದು ಕಾಕಾ ಅವರ ಹೆಂಡತಿ, ಶಾಲನ್ ಕಾಕು. ಮಂಗಳವೇಢೆಯ ಮರಾಠಿ ಮನೆಯ ಮಗಳು. ಒಳಗೆ ಕುಳಿತು ವೈರು ಸುತ್ತುತ್ತಿದ್ದರು.

ಕಾಕಾ ಸ್ಟೂಲು ತಂದು ಗೋಡೆಗೆ ಒತ್ತಿ ಇಟ್ಟರು.

"ನಮ್ಮ ಸಾಲಿ ಎಲ್ಲಾ ಮರಾಠಿ. ಹಾಡ ಸುದ್ದಾ ಮರಾಠಿ ಅಕ್ಷರದಾಗ ಬರಕೊಂತೀನಿ. ಕನ್ನಡ ಬಾಯಾಗ ಐತಿ, ಕಣ್ಣಾಗ ಇಲ್ಲ. ಈಕಿ ಒಮ್ಮಿ ಓದಿ ಹೇಳ್ಯಾಳ. ಇವತ್ತು ಬರದವರ ಬಾಯಿಲೆ ಕೇಳಬೇಕು. ಹತ್ರಿ ಮ್ಯಾಲ."

ಹತ್ತಿದೆ. ಸಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ನೆನಪಾಯಿತು. ಅಲ್ಲಿ ತಪ್ಪು ಮಾಡಿದ ಮೇಲೆ ನಿಲ್ಲಿಸುತ್ತಿದ್ದರು. ಇಲ್ಲೂ ಅಷ್ಟೇ.

ಸಾಲಿನ ಮೇಲೆ ಬೆರಳಿಟ್ಟು ಶುರು ಮಾಡಿದೆ. "ದುಂಡಪ್ಪನವರ ಗಂಟಲಿನಲ್ಲಿ..." (ಮುಂದೆ ಇದ್ದದ್ದು: ಬಸ್ಸಿನ ಬ್ರೇಕು.) "...ಇನ್ನೂ ಅದೇ ಜೇನಿದೆ." ಕಾಕಾ ಕಣ್ಣು ಮುಚ್ಚಿದರು. ಧೈರ್ಯ ಬಂತು. "ಈ ವಯಸ್ಸಿನಲ್ಲಿ..." (ಮುಂದೆ: ಡಾಕ್ಟರ್.) "...ಇಷ್ಟು ಚಂದ ನಗುವವರು ಸೊಲ್ಲಾಪುರ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ." ಸುಜಾತಾ ಕೆಳಗಿನಿಂದ ಹೆಮ್ಮೆಯಿಂದ ನೋಡುತ್ತಿದ್ದಳು. ನನಗೂ ನಾನು ಒಳ್ಳೆಯ ಲೇಖಕ ಅನಿಸತೊಡಗಿತು.

ಕಾಕಾ ಕಣ್ಣು ತೆರೆದರು.

"ತಡೀರಿ. ಕಬ್ಬಿನ ಹಾಲಿಂದು ಎಲ್ಲಿ ಹೋತು? ಈಕಿ ಓದಿದಾಗ ಇತ್ತಲ್ಲ."

ಯಾವ ಕಬ್ಬು? ಯಾವ ಹಾಲು? ನಾನು ಪ್ಲಾಸ್ಟಿಕ್ಕಿನ ಮೇಲೆ ಬೆರಳು ಓಡಿಸುತ್ತಾ ಬೆವರಿದೆ. ಒಳಗಿನಿಂದ ಮತ್ತೆ ದನಿ ಬಂತು, ನಿಧಾನವಾಗಿ.

"ಮೂರನೇ ಪ್ಯಾರಾದಾಗ ನೋಡ್ರಿ ಜಾವಾಯಿಬಾಪು. 'ಕಬ್ಬಿನ ಹಾಲಿನಂಥಾ ದನಿ' ಅಂತ ಐತಿ. ನೀವೇ ಬರದೀರಿ, ಮರತೀರಿ."

ಮೂರನೇ ಪ್ಯಾರಾದಲ್ಲಿ ನಾಲ್ಕು ಕಿವಿಯ ಜೋಕಿತ್ತು. ಹೌದು ಹೌದು, ಇಲ್ಲೇ ಇದೆ ಅಂದೆ. ಕಬ್ಬಿನ ಹಾಲಿನಂಥ ಧ್ವನಿ ಎಂದು ಎರಡು ಸಲ ಓದಿದೆ. ನನ್ನ ಬೆನ್ನ ಮೇಲೆ ಬೆವರು ಕಾಲುವೆಯಾಗಿ ಹರಿದು ಸ್ಟೂಲಿನ ಬುಡಕ್ಕೆ ಇಳಿಯಿತು. ಅಂದರೆ, ಪರದೆಯ ಹಿಂದಿನವರಿಗೆ ಎಲ್ಲ ಗೊತ್ತು. ಅವರೂ ಸುಳ್ಳು ಓದಿದ್ದಾರೆ. ಈಗ ಇಬ್ಬರ ಸುಳ್ಳಿಗೂ ತಾಳ ಕೂಡಬೇಕು.

"ಎಲ್ಲಾ ಛಲೋ ಬರದೀರಿ," ಕಾಕಾ ಹೇಳಿದರು. "ಆದ್ರ ಒಂದ ಸಿಟ್ಟ ಐತಿ ನಿಮ್ಮ ಮ್ಯಾಲ. ವರ್ಷ ಆತು, ಹೋಗವಲ್ದು. ಅರ್ಧಾ ಆಲ್ಬಮ್ ಈಕಿ ಹಾಡ್ಯಾಳ. ಈಕೀದು ಒಂದ ಅಕ್ಷರ ಇಲ್ಲ ನೋಡ್ರಿ ಇದರಾಗ. ಈಕಿ ಹಾಡಲಿ ಅಂತ ನಾ ಮತ್ತ ಕೀಬೋರ್ಡ್ ಮುಟ್ಟಿದ್ದು."

ಯಾರು ಹಾಡಿದ್ದಾರೆ? ಯಾವ ಅರ್ಧ? ಮರೆತಿರಾ ಎನ್ನುತ್ತಾ ಕಾಕಾ ಅಂಗಡಿಯ ಎರಡು ದೊಡ್ಡ ಸ್ಪೀಕರು ಆನ್ ಮಾಡಿದರು. ಒಂದು ಬಾಗಿಲ ಪಕ್ಕ, ಇನ್ನೊಂದು ಪರದೆಯ ಪಕ್ಕ. ನಾನು ನಡುವೆ, ಸ್ಟೂಲಿನ ಮೇಲೆ.

ಎಡಗಡೆಯ ಪೆಟ್ಟಿಗೆ ಕನ್ನಡದಲ್ಲಿ ಕೇಳಿತು: ಚಹಾಕ್ಕ ಸಕ್ಕರಿ ಯಾಕ ಕಡಿಮಿ ಆತು?

ಬಲಗಡೆಯ ಪೆಟ್ಟಿಗೆ ಮರಾಠಿಯಲ್ಲಿ ಹಾಡಿತು: ಸಕ್ಕರೆ ನಿಮ್ಮ ರಕ್ತದಲ್ಲೇ ಇದೆಯಲ್ಲ, ಇನ್ನೆಷ್ಟು ಹಾಕಲಿ?

ಆಮೇಲೆ ದುಂಡಪ್ಪನವರು ನಕ್ಕರು. ಈಗ ಗೊತ್ತಾಯಿತು ಯಾಕೆ ನಕ್ಕರು ಅಂತ.

ಇಡೀ ಆಲ್ಬಮ್ ಹೀಗೇ. ಗಂಡ ಒಂದು ಕಿವಿಯಲ್ಲಿ ಕನ್ನಡದಲ್ಲಿ ಕೇಳುತ್ತಾನೆ, ಹೆಂಡತಿ ಇನ್ನೊಂದು ಕಿವಿಯಲ್ಲಿ ಮರಾಠಿಯಲ್ಲಿ ಹೇಳುತ್ತಾಳೆ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಹೀಗೇ ಅಲ್ಲವೇ ಮಾತು? ನಮ್ಮ ಮನೆಯಲ್ಲಿ ಬೆಳಗಾದರೆ ನಡೆಯುವುದೇ ಇದು. ಅದನ್ನು ಒಬ್ಬ ಮನುಷ್ಯ ಹಾಡು ಮಾಡಿದ. ನಾನು ಮತ್ತು ಸುಜಾತಾ ಆ ಹಾಡನ್ನು ಸರಿಯಾಗಿ ನಡುವಿಗೆ ಸೀಳಿ, ಅರ್ಧರ್ಧ ಹಂಚಿಕೊಂಡು, ಅದರ ಮೇಲೇ ಜಗಳವಾಡುತ್ತಾ ಅಕ್ಕಲಕೋಟೆ ತಲುಪಿದ್ದೆವು!

ಕೊನೆಯ ಹಾಡು ಬಂತು. ಎಡಗಡೆಯಿಂದ ಕಾಕಾ ಕೇಳಿದರು: ನಾ ಹಾಡೂದು ಬಿಟ್ಟಾಗ ನೀ ಏನ ಮಾಡಿದಿ? ರೆಕಾರ್ಡಿಂಗಿನವನು ಚಹಾಕ್ಕೆ ಹೋಗಿದ್ದಾನೆಂದು ನಾನು ಬರೆದ ಜಾಗ ಇದು. ಬಲಗಡೆಯಿಂದ ಪಾತ್ರೆ ತೊಳೆಯುವ ಸದ್ದು. ಅದರ ಜೊತೆ ಒಂದು ಗುನುಗು, ಕಾಕಾ ಅವರದೇ ಹಳೆಯ ಕ್ಯಾಸೆಟ್ಟಿನ ರಾಗ. ಆಮೇಲೆ ಒಂದೇ ಸಾಲು.

"ಮೀ ಕುಠೇ ಸೋಡ್ಲಂ?"

ನಾನೆಲ್ಲಿ ಬಿಟ್ಟೆ?

ಸುಜಾತಾ ನನ್ನ ಕಡೆ ನೋಡಿದಳು. "ಬಾಯಿ ಹೋತಿ ನಾ?" ಅಂದಳು. ಹೆಂಗಸು ಇದ್ದಳಲ್ಲ? ಇದ್ದಳು ಮಾರಾಯ್ತಿ. ನಮ್ಮವ್ವ ಆ ಆಣೆಯನ್ನು ಕ್ಷಮಿಸಲಿ.

ಕಾಕಾ ಸ್ಪೀಕರು ಬಂದ್ ಮಾಡಿ ಮತ್ತೆ ನನ್ನ ಕಡೆ ನೋಡಿದರು. ಈಕೀದು ಒಂದ ಸಾಲ ಬರೀಬೇಕಿತ್ತಲ್ಲರಿ ಅಂದರು. ಆ ದನಿಯಲ್ಲಿ ಸಿಟ್ಟು ಕಡಿಮೆ, ಬೇಸರ ಜಾಸ್ತಿ.

ನಾನು ಗೋಡೆಗೆ ತಿರುಗಿದೆ. ಬೆರಳು ಕಟ್ಟಕಡೆಯ ಸಾಲಿಗೆ ಹೋಯಿತು, ಸ್ಪೀಕರ್ ಬಾಡಿಗೆಯ ಸಾಲಿಗೆ.

"ಇದೆಯಲ್ಲ ಕಾಕಾ, ಕೊನೆಗಿದೆ," ಅಂದೆ. "'ಶಾಲನ್‌ಬಾಯಿ ಒಂದು ಸಾಲು ಹಾಡಿದರೆ ದುಂಡಪ್ಪನವರ ಹತ್ತು ಸಾಲಿಗೆ ಉತ್ತರ ಸಿಗುತ್ತದೆ. ಈ ಆಲ್ಬಮ್ಮಿನಲ್ಲಿ ಕಮ್‌ಬ್ಯಾಕ್ ಮಾಡಿದವರು ಒಬ್ಬರು, ಇಷ್ಟು ವರ್ಷ ಎಲ್ಲಿಗೂ ಹೋಗದೆ ಹಾಡಿದವರು ಇನ್ನೊಬ್ಬರು.'"

ಪರದೆ ಸರಿಯಿತು. ಶಾಲನ್ ಕಾಕು ಹೊರಗೆ ಬಂದರು. ಕೈಯಲ್ಲಿ ಅರ್ಧ ಸುತ್ತಿದ ವೈರು. ನನ್ನನ್ನು ನೋಡಿದರು, ಗೋಡೆಯನ್ನು ನೋಡಿದರು.

"ಇದನ್ನ ನೀ ಓದೇ ಇಲ್ಲಲ್ಲ?" ಕಾಕಾ ಕೇಳಿದರು.

"ಅವತ್ತು ಚಷ್ಮಾ ಇರಲಿಲ್ಲ," ಅಂದರು ಕಾಕು. ಮತ್ತೆ ವೈರು ಸುತ್ತತೊಡಗಿದರು. ಸುತ್ತಿದ್ದನ್ನೇ ಬಿಚ್ಚಿ ಸುತ್ತುತ್ತಿದ್ದರು.

ನಾವು ಹೊರಟಾಗ ಮೈಕು ಕೊಡುವ ನೆಪದಲ್ಲಿ ಕಾಕು ರಸ್ತೆಯವರೆಗೂ ಬಂದರು. ಸುಜಾತಾ ರಿಕ್ಷಾ ಕರೆಯಲು ಮುಂದೆ ಹೋಗಿದ್ದಳು.

"ದುಧನಿ ಕಡೆ ಗಿರಾಕಿ ಕನ್ನಡ ಲಗ್ನಪತ್ರಿಕಿ ತರ್ತಾರ. ತಾರೀಖು ತಪ್ಪಬಾರದಂತ ಅದನ್ನ ಓದಿ ಓದಿ ಕನ್ನಡ ಕಲತೀನಿ. ನಿಮ್ಮದೂ ಪೂರಾ ಓದೀನಿ. ಅದಕ್ಕ ಅಷ್ಟ ಮ್ಯಾಲ ಹಚ್ಚೀನಿ, ಯಾರ ಕಣ್ಣಿಗೂ ನಿಲುಕಬಾರದಂತ."

ನಾನು ಕಾಲು ಮುಟ್ಟಲು ಬಗ್ಗಿದೆ. ಮೈಕು ಕೈಗೆ ಕೊಟ್ಟರು.

"ಕಾಲ ಬ್ಯಾಡ. ಸ್ಟೂಲ್ ಮ್ಯಾಲ ನಿಂತು ಏನ ಓದಿದ್ರಿ, ಅದನ್ನ ಖರೇನ ಪೇಪರಿನ್ಯಾಗ ಬರೀರಿ. ಅವರ ಫೋಟೋ ಸಣ್ಣದಾದರೂ ನಡೀತದ. ಅಳತಿ ಮಾತ್ರ ಅಷ್ಟ ಇರಲಿ. ಹಳೇದರ ಮ್ಯಾಲ ಹಚ್ಚತೀನಿ."

ಬರೆದಿದ್ದೇನೆ ಕಾಕು. ಸ್ಟೂಲಿನ ಮೇಲಿನ ಆ ಎರಡು ಸಾಲು ಈಗ ಅಚ್ಚಿನಲ್ಲಿವೆ, ಮೇಲೆ ನೋಡಿ, ಒಂದು ಅಕ್ಷರ ಬದಲಿಲ್ಲ. ಉಳಿದದ್ದನ್ನು ಕಾಕಾ ಅವರಿಗೆ ಹೇಗೆ ಓದಿ ಹೇಳುತ್ತೀರೋ ನಿಮಗೆ ಬಿಟ್ಟದ್ದು. ಕಬ್ಬಿನ ಹಾಲು ಬೇಕಾದಷ್ಟು ಸೇರಿಸಿ. (ಕನ್ನಡ ಓದುವ ಗಿರಾಕಿಗಳೇ, ಆ ಅಂಗಡಿಗೆ ಹೋದರೆ ಬಾಯಿ ಮುಚ್ಚಿಕೊಂಡು ಸ್ಪೀಕರು ಹೇಳಿ ಬನ್ನಿ.)

ಉಳಿದವರು ಆಲ್ಬಮ್ ಕೇಳಿ. ಇಯರ್‌ಫೋನು ಬೇಕಾದರೆ ನಮ್ಮ ಅಂಗಡಿಗೇ ಬನ್ನಿ. ಗಂಡಹೆಂಡತಿ ಬಂದರೆ ಎರಡು ಜೊತೆ ಕೊಡದೆ ಕಳಿಸುವುದಿಲ್ಲ.

ಸಂಪಾದಕರೇ, ಈ ವಾರ ಮಾತ್ರ ಜಾಗವಿಲ್ಲವೆಂದು ಕೆಳಗಿನಿಂದ ಕತ್ತರಿಸಬೇಡಿ: ಒಂದು ಸಾಲು ಕಡಿಮೆಯಾದರೂ ಹಳೆಯದರ ಕೊನೆಯ ಸಾಲು ಕೆಳಗಿನಿಂದ ಇಣುಕುತ್ತದೆ, ಅದು ಯಾವ ಸಾಲು ಎಂದು ನೆನಪಿದೆಯಲ್ಲ?