ತಾರಿಹಾಳದ ಹಸಿರು ನೀರು

ತಾರಿಹಾಳದ ಹಳ್ಳಕ್ಕೆ ಹರಿದ ಆ ಹಸಿರು ನೀರು ನನ್ನ ಕಾರ್ಖಾನೆಯದು. ದಸ್ತಗೀರನದಲ್ಲ. ಏಳು ವರ್ಷ ಬಾಯಿ ಬಿಡದೆ ಕುಳಿತಿದ್ದೆ — ದೊಡ್ಡ ಸಭ್ಯಸ್ಥನ ಹಾಗೆ.

ಬೋಲ್ಟು, ಹಿಡಿಕೆಗಳಿಗೆ ನಿಕ್ಕಲ್ ಲೇಪ ಕೊಡುವುದು ನನ್ನ ಕಸುಬು; ಅವನ್ನು ತೊಳೆದ ನೀರು ಹಸಿರಾಗುತ್ತದೆ. ಪಕ್ಕದ ತಗಡಿನ ಶೆಡ್ಡಿನಲ್ಲಿ ನಾಲ್ಕು ಆಳುಗಳನ್ನಿಟ್ಟುಕೊಂಡು ದಸ್ತಗೀರನೂ ಅದನ್ನೇ ಮಾಡುತ್ತಿದ್ದ. ಲೇಪವಾದ ಸಾಮಾನನ್ನು ಒಂದರ ನಂತರ ಒಂದರಂತೆ ಮೂರು ಡ್ರಮ್ಮುಗಳಲ್ಲಿ ತೊಳೆಯುತ್ತಿದ್ದ. ಮೊದಲ ಡ್ರಮ್ಮಿನ ಕೊಳಕು ನೀರನ್ನು ಮತ್ತೆ ಲೇಪದ ತೊಟ್ಟಿಗೇ ಸುರಿಯುತ್ತಿದ್ದ. ಹನಿ ನೀರೂ ಹೊರಗೆ ಹೋಗುತ್ತಿರಲಿಲ್ಲ. ಜಿಪುಣ ಎಂದು ನಾನು ನಗುತ್ತಿದ್ದೆ.

ನನ್ನಲ್ಲಿ ನೀರು ಶುದ್ಧ ಮಾಡುವ ಯಂತ್ರವಿತ್ತು — ತಪಾಸಣೆಯ ದಿನ ಮಾತ್ರ ತಿರುಗುತ್ತಿತ್ತು, ಉಳಿದ ದಿನ ನೀರು ನೇರ ಹಳ್ಳಕ್ಕೆ. ಅದರ ಮುಂದಿನ ತೊಟ್ಟಿಗೆ ಬೋರ್‌ವೆಲ್ ನೀರು ತುಂಬಿ, ಯಂತ್ರದಿಂದ ಬಂದ ಶುದ್ಧ ನೀರು ಇದೇ ಎಂದು ತೋರಿಸಲು ಮೀನು ಬಿಟ್ಟಿದ್ದೆ. ಬಂದ ಸಾಹೇಬರೆಲ್ಲ ಮೀನಿನ ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ಅವರ ಬುದ್ಧಿಗೂ ನನ್ನ ಮಾನಕ್ಕೂ ಅಷ್ಟೇ ಸಾಕಿತ್ತು.

ಹಳ್ಳದ ನೀರು ಕುಡಿದು ಎರಡು ಎಮ್ಮೆ ಸತ್ತವು. ಮಾಲಿನ್ಯ ಮಂಡಳಿಯ ಅಧಿಕಾರಿ ಬಂದ. ನನ್ನಲ್ಲಿ ಮೀನು ನೋಡಿದ. ದಸ್ತಗೀರನಲ್ಲಿ ಡ್ರಮ್ಮಿನ ತುಂಬ ಹಸಿರು ನೀರು ನೋಡಿದ. ತನ್ನ ಕೊಳೆಯನ್ನು ಮುಚ್ಚಿಡದವನೇ ಕಳ್ಳನಾದ.

"ಇವರದ ಏನ್ರಿ ಆ ನೀರು?" ಎಂದು ನನ್ನನ್ನು ಕೇಳಿದ.

"ಸಣ್ಣ ಮಂದಿ ಅದಾರ್ರಿ ಸಾಹೇಬ್ರ... ಇದೆಲ್ಲಾ ಅವರಿಗೇನ್ ತಿಳೀತೈತ್ರಿ?"

ಅಷ್ಟೇ ಅಂದೆ. ನೆಟ್ಟಗೆ ಸುಳ್ಳು ಹೇಳುವಷ್ಟು ಧೈರ್ಯವೂ ಈ ಹೇಡಿಗಿರಲಿಲ್ಲ.

ಶೆಡ್ಡಿಗೆ ಬೀಗಮುದ್ರೆ ಬಿದ್ದ ದಿನ ದಸ್ತಗೀರ ನನ್ನ ಬಾಗಿಲಿಗೆ ಬಂದ. "ಸಾವ್ಕಾರ್ರ, ಖರೇ ಏನಂತ ನಿಮಗ ಗೊತ್ತೈತಿ. ಒಂದ್ ಮಾತು ಹೇಳ್ರಿ, ಸಾಕು." ನಾನು — ಚಹಾ ತರಿಸಿದೆ. ಅವನು ಮುಟ್ಟಲಿಲ್ಲ. ಈಗ ಹುಬ್ಬಳ್ಳಿಯಲ್ಲಿ ಯಾರದೋ ಅಂಗಡಿಯಲ್ಲಿ ಗೇಟು ವೆಲ್ಡಿಂಗ್ ಮಾಡುತ್ತಾನೆ.

ಅವನ ಮೂರು ಡ್ರಮ್ಮಿನ ಪದ್ಧತಿಯನ್ನು ಆಮೇಲೆ ನಾನೇ ಹಾಕಿಕೊಂಡೆ, ಹೊಳೆಯುವ ಸ್ಟೀಲಿನಲ್ಲಿ. ನನ್ನದೇ ತಲೆ ಎಂದು ಪ್ರಶಸ್ತಿಯನ್ನೂ ತೆಗೆದುಕೊಂಡೆ. ಸುಸ್ಥಿರ ಅಭಿವೃದ್ಧಿಯಲ್ಲಿ ಸಣ್ಣ ಉದ್ದಿಮೆಗಳ ಪಾತ್ರ — ಈ ವಿಷಯದ ಮೇಲೆ ಮಾತಾಡಲು ನಾಳೆ ಧಾರವಾಡಕ್ಕೆ ನನ್ನನ್ನೇ ಕರೆದಿದ್ದಾರೆ. ಥೂ! ಶಾಲು ಹೊದಿಸುವವರಿಗೆ ಭುಜ ಯಾರದಾದರೇನು?

ಭಾಷಣ ಹರಿದು ಹಾಕಿದ್ದೇನೆ. ಅಲ್ಲಿ ಈಗ ಬರೆಯುತ್ತಿರುವ ಈ ಹಾಳೆಯನ್ನೇ ಓದುತ್ತೇನೆ. ಇಂದು ಬೆಳಿಗ್ಗೆ ದಸ್ತಗೀರನ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ನಾಳೆ ಬಂದು ಕೇಳು ಎಂದು ಬೇಡಿಕೊಂಡೆ. ಅವನು ಕೈಯ ಕೆಲಸ ನಿಲ್ಲಿಸಲಿಲ್ಲ.

"ನಾಳಿ ಕೆಲಸ ಐತ್ರಿ. ಮಂದಿಗಿ ಹೇಳ್ರಿ. ನನಗ ಅವತ್ತ ಗೊತ್ತಿತ್ತು."