ಅತ್ತೆ ಮೆಚ್ಚಿದ ರೋಹು ಮೀನು

ಮದುವೆಯಾಗಿ ಶಹಾಬಾದಿಗೆ ಬಂದ ಹೊಸದರಲ್ಲಿ ನಮ್ಮ ಮನೆಯಲ್ಲಿ ಮೂರೇ ಜನ: ನಾನು, ಶಾಲೆಯಲ್ಲಿ ಮಾಸ್ತರರಾಗಿದ್ದ ನನ್ನ ಗಂಡ, ಅವರ ತಾಯಿ. ಅತ್ತೆ ಲಿಂಗಪೂಜೆ ಮುಗಿಯದೆ ಹನಿ ನೀರು ಕುಡಿಯದವರು. ಮೀನು ಮಾರುವ ಓಣಿ ಬಂತೆಂದರೆ ಮೂಗಿಗೆ ಸೆರಗು ಹಿಡಿದು ಸುತ್ತು ಬಳಸಿ ಹೋಗುತ್ತಿದ್ದರು. ನನ್ನೊಡನೆ ಅವರ ಮಾತು ಕೆಲಸಕ್ಕಷ್ಟೇ: ಹಿಟ್ಟು ನಾದು, ನೀರು ತುಂಬು, ದೀಪ ಹಚ್ಚು.

ವಾಡಿಯಲ್ಲಿ ರೈಲ್ವೆ ಗಾರ್ಡ್ ಒಬ್ಬರಿಗೆ ವರ್ಗವಾಗಿ ಮನೆ ಸಾಮಾನು ಮಾರುತ್ತಿದ್ದಾರೆಂದು ತಿಳಿದು, ಮಂಚ ನೋಡಲು ಮೂವರೂ ರೈಲು ಹತ್ತಿದೆವು. ನಾವಿಬ್ಬರು ಮಂಚ ಅಲುಗಾಡಿಸಿ ನೋಡುವಷ್ಟರಲ್ಲಿ ಅತ್ತೆ ಮಾಯ. ಹುಡುಕಿದರೆ ವರಾಂಡದಲ್ಲಿ, ಗಾಜಿನ ಪೆಟ್ಟಿಗೆಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಒಳಗೆ ಬೆರಳುದ್ದದ ಬೆಳ್ಳಿ ಬಣ್ಣದ ಮೀನು. ಅತ್ತೆ ಈಚೆ ಸರಿದರೆ ಅದೂ ಈಚೆ, ಆಚೆ ಸರಿದರೆ ಅದೂ ಆಚೆ.

"ಇದನ್ನೂ ಮಾರ್ತಾರೇನು ಕೇಳು," ಎಂದರು ಮಗನಿಗೆ.

ನನ್ನ ಗಂಡ ಬೆಪ್ಪಾಗಿ, ಗಾರ್ಡ್ ಹೆಂಡತಿಯನ್ನು ಉರ್ದುವಿನಲ್ಲಿ ಕೇಳಿದರು. ಪೆಟ್ಟಿಗೆ ಬೇರೆಯವರಿಗೆ ಕೊಟ್ಟಾಗಿದೆ, ಮೀನು ಮಾತ್ರ ಉಳಿದಿದೆ ಎಂದಳು. ಒಳ್ಳೆಯ ಹೆಂಗಸು, ಏನನ್ನೂ ಮುಚ್ಚಿಡಲಿಲ್ಲ. ಇದು ರೋಹು, ಇಷ್ಟಾಗುತ್ತದೆ ಎಂದು ಬೆರಳ ತುದಿಯಿಂದ ಹೆಗಲವರೆಗೆ ತೋರಿಸಿದಳು.

"ಕೇಳಿದೇನವ್ವಾ? ತೋಳುದ್ದ ಬೆಳಿತದಂತ. ಎಲ್ಲಿಡಬೇಕು ಇದನ್ನ?"

"ಹಿತ್ತಲದಾಗ ನೀರು ತುಂಬೋ ಕಲ್ಲಿನ ಟಾಕಿ ಖಾಲಿ ಬಿದ್ದದಲ್ಲ."

"ಲಿಂಗವಂತರ ಮನ್ಯಾಗ ಮೀನು ಅಂದ್ರ ಓಣಿ ಮಂದಿ ಏನಂದಾರು?"

"ನಾ ಏನು ಒಲಿ ಮ್ಯಾಲ ಇಡಾಕತ್ತೀನೇನು? ಮೊದ್ಲ ಅದು ಏನು ತಿಂತದ ಕೇಳು. ಹುಳಾ ತಿಂತದಂದ್ರ ನಮಗ ಬ್ಯಾಡ."

ಹಿಟ್ಟು, ತೌಡು, ಸೊಪ್ಪು ಎಂದಳು ಆಕೆ. ಅತ್ತೆಗೆ ನಂಬಿಕೆ ಬರಲಿಲ್ಲ. ಬುತ್ತಿಗಂಟು ಬಿಚ್ಚಿ, ಜೋಳದ ರೊಟ್ಟಿಯ ಚೂರು ಪುಡಿಮಾಡಿ ನೀರಿಗೆ ಉದುರಿಸಿದರು. ಮೀನು ಮೇಲೆ ಬಂದು ಗಬಕ್ಕನೆ ನುಂಗಿತು.

"ರೊಟ್ಟಿ ತಿನ್ನಾಕತ್ತದಲ್ಲೋ!" ಅತ್ತೆಯ ಮುಖ ಅರಳಿತು.

ಆದರೂ ಮನಸ್ಸು ಗಟ್ಟಿಯಾಗಲಿಲ್ಲ. ಅಷ್ಟು ದೊಡ್ಡದಾದ ಮೇಲೆ ಟಾಕಿ ಸಾಲುತ್ತದೆಯೇ? ಬೇಸಿಗೆಯಲ್ಲಿ ನೀರೆಲ್ಲಿಂದ? ಯಾರಿಗಾದರೂ ಕೊಟ್ಟರೆ ಸಾರು ಮಾಡಿಬಿಟ್ಟಾರು. ತಾವೇ ಪ್ರಶ್ನೆ ಹಾಕಿಕೊಂಡು, ತಾವೇ ತಲೆಯಾಡಿಸಿ, ಥಟ್ಟನೆ ನನ್ನತ್ತ ತಿರುಗಿದರು. "ನೀ ಏನಂತಿ?"

ಆ ಮನೆಯಲ್ಲಿ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

"ನೀರು ನಾ ತುಂಬತೀನ್ರಿ ಅತ್ತಿ. ದೊಡ್ಡದಾದ್ರ ಆಗ್ಲಿ ಬಿಡ್ರಿ."

ಮಂಚದ ಮಾತು ಅಲ್ಲಿಗೇ ಬಿಟ್ಟುಹೋಯಿತು. ಕುಡಿಯಲು ಒಯ್ದಿದ್ದ ದೊಡ್ಡ ತಂಬಿಗೆಯಲ್ಲಿ ಮೀನು ಬಿಟ್ಟು, ತೊಡೆಯ ಮೇಲಿಟ್ಟುಕೊಂಡು ಅತ್ತೆ ರೈಲಿನಲ್ಲಿ ಕೂತರು. ಎದುರಿಗಿದ್ದ ಮುದುಕನೊಬ್ಬ, "ಯವ್ವಾ, ಒಂದು ಗುಟುಕು ನೀರು ಕೊಡ್ರಿ, ಗಂಟಲ ಒಣಗ್ಯಾದ," ಎಂದ. ನೀರು ಕೇಳಿದವರಿಗೆ ಇಲ್ಲವೆಂದು ಹೇಳಿ ಅತ್ತೆಗೆ ಅಭ್ಯಾಸವಿಲ್ಲ. ತಡವರಿಸಿದರು.

"ಕೊಡ್ತಿದ್ದೆನಪ್ಪಾ, ಆದ್ರ ಇದರಾಗ ನಮ್ಮ ಮನಿ ಮಂದಿ ಒಬ್ರು ಅದಾರ."

ಮುದುಕ ಬಗ್ಗಿ ಇಣುಕಿದ. ಮೀನು ಪಟ್ಟನೆ ಬಾಲ ಬಡಿಯಿತು. ಅವನ ಮುಖಕ್ಕೆಲ್ಲ ನೀರು! ಅವನೇ ಮೊದಲು ನಕ್ಕ. ಅತ್ತೆಯಂತೂ ನಕ್ಕು ನಕ್ಕು ನನ್ನ ಹೆಗಲಿಗೊರಗಿದರು. ಗಾಡಿ ನಿಂತಾಗ ನನ್ನ ಗಂಡ ಇಳಿದು ಅವನಿಗೆ ನಳದ ನೀರು ತಂದುಕೊಟ್ಟರು.

ಓಣಿಯವರು "ಸಾರು ಯಾವಾಗರೀ?" ಎಂದು ಕೆಲವು ದಿನ ಕಾಡಿದರು, ಆಮೇಲೆ ಮಕ್ಕಳನ್ನು ಎತ್ತಿಕೊಂಡು ನೋಡಲು ಬರತೊಡಗಿದರು. ಮೀನು ತೋಳುದ್ದ ಆಗಲಿಲ್ಲ, ಮೊಳದುದ್ದಕ್ಕೆ ನಿಂತಿತು. ಅಷ್ಟಕ್ಕೇ ಟಾಕಿ ಇಕ್ಕಟ್ಟಾಗಿ, ಇನ್ನೊಂದು ಸಾಲು ಕಲ್ಲು ಕಟ್ಟಿಸಿದೆವು. ಸಂಜೆ ಅತ್ತೆಯೂ ನಾನೂ ಅದರ ಅಂಚಿಗೆ ಕೂತು ರೊಟ್ಟಿ ಉದುರಿಸುತ್ತಿದ್ದೆವು. ಚಿಕ್ಕಂದಿನಲ್ಲಿ ತವರೂರು ಕೊಡ್ಲಿಯ ಬಾವಿಯಲ್ಲಿ ಅಪ್ಪನಿಗೆ ಗೊತ್ತಾಗದಂತೆ ಈಜು ಕಲಿತದ್ದನ್ನು ಅವರು ಹೇಳಿದ್ದು ಅಂಥದೊಂದು ಸಂಜೆಯೇ.