ಬೇಡದ ಬೀಜಗಣಿತ

ಅರ್ಥವೆಂಬುದು ಮನುಷ್ಯಕುಲದ ಪರಮ ಸಂಪತ್ತು, ಅದರ ರಚನೆಯನ್ನು ಅರಿತವನಿಗೆ ಲೋಕದಲ್ಲಿ ಸೋಲಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ಚನ್ನರಾಯಪಟ್ಟಣದ ಒಂದು ಮನೆಯಲ್ಲಿ ಸಜ್ಜಿಗೆಯ ಸೌಟು ಎದುರಾಗುವವರೆಗೆ.

ಆಗ ನಾನು ಹೊಳೆನರಸೀಪುರದಲ್ಲಿ ಗಣಿತದ ಮೇಷ್ಟರು. ಆಡುವ ಮಾತನ್ನೆಲ್ಲ ಬೀಜಗಣಿತಕ್ಕಿಳಿಸುವ ಮಹತ್ಕಾರ್ಯ ಕೈಗೊಂಡಿದ್ದೆ. ಕ್ರಿಯಾಪದವನ್ನು ಕಂಸದ ಹೊರಗಿಟ್ಟು, ಒಳಗೆ ಒಂದೊಂದು ಪದದ ಬೆಲೆಯನ್ನೂ ತುಂಬಿದರೆ ಇಡೀ ವಾಕ್ಯದ ಅರ್ಥ ತಾನಾಗಿ ಹೊರಬೀಳಬೇಕು, ನೋಡಿ! 'ಬೇಡ' ಎಂಬುದು ಋಣ ಚಿಹ್ನೆ. ಎರಡು ಬೇಡ ಗುಣಿಸಿದರೆ ಧನ. ಈ ಸಿದ್ಧಾಂತವನ್ನು ಜೇಬಿನಲ್ಲಿಟ್ಟುಕೊಂಡು, ಇದ್ದಿಲಿನ ಬಸ್ಸಿನಲ್ಲಿ ಮುಖವೆಲ್ಲ ಮಸಿಯಾಗಿ, ಸೋದರಮಾವನೊಡನೆ ಹೆಣ್ಣು ನೋಡಲು ಹೋದೆ. ಹುಡುಗಿ ಸರಸು ಕಾಫಿ ತಂದಿಟ್ಟು, ನನ್ನ ಮಸಿ ಮುಖವನ್ನು ಕಂಡು ನಗು ತಡೆದುಕೊಂಡು ಒಳಹೋದಳು. ಅಷ್ಟಕ್ಕೇ ನನ್ನ ಮನಸ್ಸು ನಿಶ್ಚಯವಾಯಿತು.

ಎಲೆಯ ಮುಂದೆ ಕುಳಿತೆವು. ಸರಸುವಿನ ಅಜ್ಜಿ ಸಜ್ಜಿಗೆ ಬಡಿಸಲು ಬಂದರು. 'ಬೇಡ' ಎಂದೆ, ಬಡಿಸಿದರು; ಉಪಚಾರವಿರಬೇಕೆಂದುಕೊಂಡೆ. ಮತ್ತೆ 'ಬೇಡ' ಎಂದೆ, ಬಡಿಸಿದರು: ಋಣವನ್ನು ಋಣದಿಂದ ಗುಣಿಸಿದರೆ ಧನ, ಸಿದ್ಧಾಂತಕ್ಕೆ ಜಯ! ಆದರೆ ಮೂರನೆಯ ಬೇಡಕ್ಕೂ ಸೌಟು ಬಿತ್ತಲ್ಲ!

"ಮೂರು ಸಲ ಹೇಳಿದೆನಲ್ಲ, ಅಜ್ಜಿ?"

"ನೂರ್ ಸಲ ಹೇಳಪ್ಪ, ಬಾಯಿ ಮಾತು ಯಾರ್ ಕೇಳ್ತಾರೆ? ಎಲೆಗೆ ಕೈ ಅಡ್ಡ ಇಟ್ರೆ ತಾನೆ ಸಾಕಾಯ್ತು ಅಂತ!"

"ಲೆಕ್ಕದ ಮೇಷ್ಟ್ರು ಕಣಮ್ಮ, ತಿನ್ನೋಕೂ ಸೂತ್ರ ಬೇಕು ಇವ್ನಿಗೆ," ಎಂದ ಮಾವ.

ನಾನು ಹಿಗ್ಗಿಹೋದೆ. ನನ್ನ ಸಮೀಕರಣದಲ್ಲಿ ಕಳೆದುಹೋಗಿದ್ದ ಪದ ಈ ಕೈಯೇ! ಬಾಯಿಯ ಬೇಡವೆಷ್ಟೇ ಇರಲಿ, ಕೈಯಿಂದ ಗುಣಿಸದಿದ್ದರೆ ಅದು ಬರೀ ಸೊನ್ನೆ. ಎಲೆಯಂಚಿನಲ್ಲಿ ಬೆರಳಿನಿಂದ ಸೂತ್ರವನ್ನು ತಿದ್ದುತ್ತಿರುವಾಗಲೇ ಪಕ್ಕದ ಎಲೆಯಲ್ಲಿದ್ದ ಸರಸುವಿನ ತಂದೆ ಒಳಕೋಣೆಯತ್ತ ತಿರುಗಿ, "ಏನಮ್ಮಾ ಸರಸು, ಒಪ್ಗೇನಾ?" ಎಂದರು.

"ಬೇಡ," ಎಂದಿತು ಒಳಗಿನ ದನಿ.

"ನಾಚ್ಕೆ ಕಣಪ್ಪ," ಎಂದರು ಅಜ್ಜಿ.

ಮಿತ್ರರೇ, ನನಗೆ ಎಳ್ಳಷ್ಟೂ ಕಳವಳವಾಗಲಿಲ್ಲ. ಬಾಯಿಯ ಬೇಡ, ಹೊಸ ಸೂತ್ರದ ಪ್ರಕಾರ ಸೊನ್ನೆ. ಮಾವನನ್ನು ನೋಡಿ ಮುಗುಳ್ನಕ್ಕೆ ಕೂಡ. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಬಳೆ ತೊಟ್ಟ ಒಂದು ಕೈ ಹೊರಬಂದು, ಕದವನ್ನು ಹಿಡಿದು, ಎಳೆದು ಮುಚ್ಚಿತು.

ಅಜ್ಜಿ ಸೌಟನ್ನು ಪಾತ್ರೆಯೊಳಗಿಟ್ಟರು. ನಾನೂ ಎಲೆಗೆ ಕೈ ಅಡ್ಡ ಹಿಡಿದೆ. ಯಾರೂ ಬಡಿಸಲು ಬಂದಿರಲಿಲ್ಲ.

ಸರಸುವನ್ನು ಅರಕಲಗೂಡಿಗೆ ಕೊಟ್ಟರು.